ನವರಾತ್ರಿಯ ಮೂರು ರಾತ್ರಿಗೆ ದರ

ಶುಕ್ರವಾರ ಪೇಠ, ಕೊಲ್ಹಾಪುರ
13 ಸೆಪ್ಟೆಂಬರ್ 2025, ಶನಿವಾರ

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಪ್ರಣಾಲಿಯ ಜಯ ಜಿನೇಂದ್ರ.

ಮೊಣಕಾಲು ಹೇಗಿದೆ? ದಶಲಕ್ಷಣದ ಉಪವಾಸ ಮುಗಿಸಿದ ಮರುದಿನವೇ ಮುನಿಗಳ ಆಹಾರಕ್ಕೆ ಅಡಿಗೆ ಮಾಡಲು ನಿಂತಿರೆಂದು ಪಕ್ಕದ ಮನೆಯ ಜಿನೇಶನ ತಾಯಿ ಹೇಳಿದರು. ಮಡಿಯ ಒದ್ದೆ ಸೀರೆಯಲ್ಲಿ ಅಷ್ಟು ಹೊತ್ತು ನಿಲ್ಲಬೇಡಿ ಎಂದರೆ ನೀವೇನು ಕೇಳುವವರಲ್ಲ, ಆದರೂ ಹೇಳಿದ್ದೇನೆ. ಹಚ್ಚುವ ಎಣ್ಣೆಯನ್ನು ಈ ಪತ್ರದ ಜೊತೆ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ಬೇರೆಯವರಿಗೆ ಹಂಚಿಬಿಡಬೇಡಿ. ಕ್ಷಮಾವಾಣಿಯ ದಿನ ಬಂದು ಕಾಲು ಮುಟ್ಟಲು ಆಗಲಿಲ್ಲ. ವರ್ಷವಿಡೀ ನಿಮಗೆ ಎದುರು ಮಾತಾಡಿದ್ದಕ್ಕೆಲ್ಲ ಇಲ್ಲೇ ಕ್ಷಮೆ ಕೇಳುತ್ತೇನೆ, ಮುಂದಿನ ವರ್ಷದ್ದೂ ಸ್ವಲ್ಪ ಇದರಲ್ಲೇ ಸೇರಿಸಿಕೊಳ್ಳಿ. ಚಾತುರ್ಮಾಸ ಮುಗಿಯುವ ತನಕ ಫೋನು ಮುಟ್ಟುವುದಿಲ್ಲ, ಇಚಲಕರಂಜಿಯ ಗಡಿ ದಾಟುವುದಿಲ್ಲ ಎಂದು ನೇಮ ಹಿಡಿದು ನೀವು ಅಲ್ಲಿಯ ಬಸದಿಯಲ್ಲಿ ಹಾಯಾಗಿ ಕುಳಿತಿರಿ. ಇಲ್ಲಿ ನನ್ನ ತಲೆ ಕೆಟ್ಟು ಹೋಗಿದೆ.

ಎಲ್ಲ ಆ ಮೇಲಿನ ಕೋಣೆಯಿಂದಲೇ. ಎಂಟು ವರ್ಷ ಬೀಗ ಹಾಕಿಟ್ಟಿದ್ದ ಕೋಣೆಯನ್ನು ಹೋಗುವ ಮುಂಚೆ ನೀವೇ ತೆರೆದುಕೊಟ್ಟು, ಅಂಬಾಬಾಯಿಯ ದರ್ಶನಕ್ಕೆ ಬರುವವರಿಗೆ ದಿನದ ಬಾಡಿಗೆಗೆ ಕೊಡು ಎಂದಿರಿ. ದರ ಎಷ್ಟು ಇಡಲಿ ಎಂದು ಕೇಳಿದ್ದಕ್ಕೆ ನಿಮ್ಮ ಸೀರೆ ಅಂಗಡಿಯ ಪಾಠವನ್ನೇ ಒಪ್ಪಿಸಿದಿರಿ. ‘ಮೂರ ಸಾವಿರ ಹೇಳು, ಹದಿನೆಂಟನೂರಕ್ಕ ಇಳಿ. ದರಾ ಹೇಳಿದ ಮ್ಯಾಲ ಬಾಯಿ ಮುಚಗೊಂಡ ಕುಂದರು, ಗಿರಾಕಿ ಮಾತಾಡ್ಲಿ.’ ನಾನೂ ಕೋಣೆ ಬಾಡಿಗೆಯ ಆ್ಯಪ್‌ನಲ್ಲಿ ಮೂರು ಸಾವಿರ ಹಾಕಿ ಬಾಯಿ ಮುಚ್ಚಿಕೊಂಡು ಕುಳಿತೆ. ಹತ್ತೊಂಬತ್ತು ದಿನ ಕುಳಿತೆ ಅತ್ತೆ. ಒಬ್ಬ ಗಿರಾಕಿಯೂ ತುಟಿ ಬಿಚ್ಚಲಿಲ್ಲ. ಯಾರಾದರೂ ‘ಕೊಡೂದೆಷ್ಟು ಹೇಳ್ರಿ’ ಎಂದಾರು, ಸೋತವಳ ಹಾಗೆ ಇಳಿಯೋಣ ಎಂದು ಊಟಕ್ಕೆ ಕುಳಿತಾಗಲೂ ಫೋನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಕೊನೆಗೆ ನಮ್ಮ ಗಲ್ಲಿಯಲ್ಲೇ ಎರಡು ಕೋಣೆ ನಡೆಸುವ ಅತುಲರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ವೈನಿ, ಇಲ್ಲಿ ಯಾರೂ ಚೌಕಾಶಿ ಮಾಡಂಗಿಲ್ಲ. ನೋಡ್ತಾರ, ಮುಂದ ಹೋಗ್ತಾರ’ ಎಂದರು.

ಹೊಸಬರು ಮೊದಲು ಅಗ್ಗಕ್ಕೆ ಕೊಟ್ಟು ನಾಲ್ಕು ಒಳ್ಳೆಯ ಮಾತು ಬರೆಸಿಕೊಳ್ಳಬೇಕಂತೆ, ಆಮೇಲೆ ಏರಿಸಬೇಕಂತೆ. ಸರಿ ಎಂದು ಹನ್ನೆರಡು ನೂರಕ್ಕೆ ಇಳಿಸಿದೆ. ಸೋಲಾಪುರದ ಗಂಡ ಹೆಂಡತಿ ಬಂದು ಒಂದು ರಾತ್ರಿ ಇದ್ದು ಹೋದರು. ಅವರು ಕೊಟ್ಟದ್ದು ಒಂದು ಮೊತ್ತ, ನಮಗೆ ಬಂದದ್ದು ಇನ್ನೊಂದು, ನಾನು ಹಾಕಿದ್ದು ಮತ್ತೊಂದು. ಹೊಸಬರ ರಿಯಾಯಿತಿ ಎಂದು ಆ್ಯಪ್ ತಾನೇ ಕಳೆಯುತ್ತದೆ, ಸ್ವಚ್ಛತೆಗೆ ಎಂದು ಅದೇ ಕೂಡಿಸುತ್ತದೆ. ಇದರ ಮೇಲೆ ದಿನಾ ಬೆಳಿಗ್ಗೆ ‘ಇಂದಿನ ಸೂಕ್ತ ದರ’ ಎಂದು ಒಂದು ಅಂಕಿ ತೋರಿಸುತ್ತದೆ. ಸೋಮವಾರಕ್ಕೆ ಹದಿಮೂರು ನೂರು, ಶನಿವಾರಕ್ಕೆ ಎರಡು ಸಾವಿರದ ನಾಲ್ಕು ನೂರು, ನವರಾತ್ರಿಗೆ ನಾಲ್ಕು ಸಾವಿರದ ಎಂಟು ನೂರು! ಅದೇ ಹಾಸಿಗೆ, ಅದೇ ಗರಗರ ಎನ್ನುವ ಫ್ಯಾನು. ವಾರ ಬದಲಾದರೆ ಕೋಣೆಯ ಬೆಲೆ ಯಾಕೆ ಬದಲಾಗಬೇಕು? ನೀವಾದರೂ ಮದುವೆಯ ಸೀಜನ್ನಿನಲ್ಲಿ ಇಳಕಲ್ ಸೀರೆಯ ಬೆಲೆ ಏರಿಸುತ್ತಿದ್ದಿರಿ, ನಿಜ. ಆದರೆ ಗಿರಾಕಿಯ ಮುಖ ನೋಡಿ ಏರಿಸುತ್ತಿದ್ದಿರಿ. ಇಲ್ಲಿ ನೋಡಲು ಮುಖವೇ ಇಲ್ಲವಲ್ಲ.

ಈಗ ಮುಖ್ಯ ವಿಷಯ. ನವರಾತ್ರಿಗೆ ಧೈರ್ಯ ಮಾಡಿ ಮೂರೂವರೆ ಸಾವಿರ ಹಾಕಿದ್ದೆ. ನಿನ್ನೆ ಗಡಹಿಂಗ್ಲಜದ ರುತುಜಾ ಎಂಬವರ ಸಂದೇಶ ಬಂತು. 27ರ ಶನಿವಾರದಿಂದ ಮೂರು ರಾತ್ರಿ ಬೇಕಂತೆ. ಗಂಡ, ಹೆಂಡತಿ, ನಾಲ್ಕು ವರ್ಷದ ಒಂದು ಹೆಣ್ಣುಮಗು. ಎಲ್ಲರೂ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದರೆ ಇವರು ನೇರ ಕನ್ನಡದಲ್ಲೇ ಬರೆದಿದ್ದಾರೆ, ನಾವು ಮನೆಯಲ್ಲಿ ಕನ್ನಡದವರೆಂದು ಹೇಗೆ ತಿಳಿಯಿತೋ. ಬರೆದದ್ದಾದರೂ ಏನು! ‘ಪಡುವಣ ಕಿಟಕಿ, ನಾಕ ಗಂಟೇಕ್ಕ ಬಿಸಲು ಹಾಸಗೀ ಮ್ಯಾಲ ಬೀಳತೈತಿ. ಕದಾ ಎತ್ತಿ ಹಿಡದ ಚಿಲಕಾ ಹಾಕಬೇಕು. ದೊಡ್ಡ ಮಳಿ ಬಂದ್ರ ಕಪಾಟಿನ ಮೂಲ್ಯಾಗ ಸೋರತೈತಿ. ಇಂಥಾ ರೂಮಿಗೆ ಮೂರೂವರಿ ಸಾವಿರ ಯಾಕ್ರಿ? ಹದಿನೆಂಟನೂರಕ್ಕ ಕೊಡ್ರಿ.’ ನನಗೆ ಮೈಯೆಲ್ಲ ಉರಿಯಿತು. ಸೋರುವ ಮೂಲೆಗೆ ಬಣ್ಣ ಹೊಡೆಸಿ, ಅದು ಬೀಳದ ಹಾಗೆ ಫೋಟೋ ತೆಗೆದಿದ್ದೇನೆ, ಈಕೆಗೆ ಹೇಗೆ ಗೊತ್ತು? ಅತುಲರೇ ಚಾಡಿ ಹೇಳಿರಬೇಕೆಂದು ಅನುಮಾನಪಟ್ಟು ಇವತ್ತು ಅವರ ಜೊತೆ ಮಾತೂ ಬಿಟ್ಟಿದ್ದೇನೆ. ಆದರೆ ಸುಳ್ಳೇಕೆ, ಒಳಗೊಳಗೇ ಖುಷಿಯೂ ಆಯಿತು. ಇಷ್ಟು ದಿನಕ್ಕೆ ಒಬ್ಬರಾದರೂ ಬಾಯಿಬಿಟ್ಟು ಚೌಕಾಶಿ ಮಾಡಿದರಲ್ಲ. ಅದೂ ನೀವು ಹೇಳಿದ ಹದಿನೆಂಟು ನೂರಕ್ಕೇ ಬಂದು ನಿಂತಿದ್ದಾರೆ, ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ವ್ಯಾಪಾರ ಕಲಿತವರ ಹಾಗೆ. ಒಪ್ಪಲೋ, ಆ್ಯಪ್ ಹೇಳಿದಂತೆ ಹಟ ಹಿಡಿಯಲೋ? ನಾಳೆ ರಾತ್ರಿ ಎಂಟರೊಳಗೆ ಉತ್ತರ ಕೊಡದಿದ್ದರೆ ಅವರ ಬೇಡಿಕೆ ತಾನಾಗಿಯೇ ರದ್ದಾಗುತ್ತದೆ. ದರ ನೀವೇ ಹೇಳಿ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ತುಳಸಿಗೆ ದಿನಾ ನೀರು ಹಾಕುತ್ತಿದ್ದೇನೆ. ಬಸದಿಯಲ್ಲಿರುವ ಹಿರಿಯರಿಗೆಲ್ಲ ನಮ್ಮ ನಮಸ್ಕಾರ ತಿಳಿಸಿ, ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಸೊಸೆ,
ಪ್ರಣಾಲಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನಿಮ್ಮ ಮಗನಿಗೆ ಪತ್ರ ಓದಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಫೋನು ಇಸಿದುಕೊಂಡು ಆ ಸಂದೇಶವನ್ನು ಎರಡು ಸಲ ಓದಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ‘ಆ ಕದಾ ಸಿಟ್ಟಿಲೆ ಬಡದ ಕೆಡಿಸಿದಾಕಿ ಮನಾಲಿ. ಇದನ್ನ ಬರದಾಕೀನೂ ಆಕೀನ. ರುತುಜಾ ಅಂದ್ರ ಮಲ್ಲಿನಾಥನ ತಂಗಿ, ಆಕೀ ಹೆಸರಿಲೆ ಬರದಾಳ’ ಎಂದರು. ಎಂಟು ವರ್ಷದ ಹಿಂದೆ ನಿಮ್ಮ ಮಾತು ಮೀರಿ ಮಲ್ಲಿನಾಥರನ್ನು ಮದುವೆಯಾದಳೆಂದು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದಿರಲ್ಲ, ಅದೇ ನಿಮ್ಮ ಮಗಳು. ನಾನು ಈ ಮನೆಗೆ ಬಂದದ್ದು ಆಮೇಲೆ, ನಾದಿನಿಯ ಮುಖವನ್ನೇ ನೋಡಿಲ್ಲ. ನಾನು ಬಾಡಿಗೆಗೆ ಇಟ್ಟದ್ದು ಅವಳ ಕೋಣೆ ಎಂದೂ ಇವತ್ತೇ ಗೊತ್ತಾಯಿತು. ತವರಿನಲ್ಲಿ ಮೂರು ರಾತ್ರಿ ಮಲಗಲು ನಿಮ್ಮ ಮಗಳು ದರ ಕೇಳಿದ್ದಾಳೆ ಅತ್ತೆ. ಜೊತೆಗೆ ನಿಮ್ಮ ಮೊಮ್ಮಗಳೂ ಬರುತ್ತಾಳೆ. ನಾನು ಅಳುತ್ತಲೇ ದರದ ಜಾಗದಲ್ಲಿ ಸೊನ್ನೆ ಒತ್ತಿದೆ, ಆ್ಯಪ್ ಒಪ್ಪುವುದಿಲ್ಲ. ‘ಅವ್ವನ್ನ ಕೇಳದ ಏನೂ ಮಾಡಬ್ಯಾಡ’ ಎನ್ನುತ್ತಾರೆ ನಿಮ್ಮ ಮಗ. ಬಾಡಿಗೆ ಬೇಡ, ಮನೆಗೆ ಬಾ ಎಂದು ಕರೆಯುವ ಅಧಿಕಾರ ನನಗಿಲ್ಲ, ಬರಬೇಡ ಎನ್ನುವುದು ನನ್ನಿಂದ ಸಾಧ್ಯವೇ ಇಲ್ಲ. ಜಿನೇಶನ ತಾಯಿ ನಾಳೆ ಸಂಜೆ ಐದಕ್ಕೆ ಅಲ್ಲಿಂದ ಹೊರಡುತ್ತಾರೆ, ಅವರ ಕೈಯಲ್ಲಿ ಒಂದು ಸಾಲು ಬರೆದು ಕೊಡಿ. ಬರೆಯದಿದ್ದರೆ ಎಂಟು ಗಂಟೆಗೆ ನಾನು ಹದಿನೆಂಟು ನೂರಕ್ಕೆ ಒಪ್ಪಿಬಿಡುತ್ತೇನೆ. ಆದರೆ ಆ್ಯಪ್‌ಗೆ ಕೊಟ್ಟಿರುವುದು ನಿಮ್ಮ ಬ್ಯಾಂಕಿನ ಖಾತೆ. ಮಗಳು ಕೊಡುವ ಬಾಡಿಗೆ ನಿಮ್ಮ ಹೆಸರಿಗೇ ಜಮೆಯಾಗುತ್ತದೆ.