ಸರ್ಕಲ್ಲಿಗೆ ಫ್ಲೆಕ್ಸ್ ಬೇಡ

೩ ಆಗಸ್ಟ್ ೨೦೨೫, ಭಾನುವಾರ

ಸ್ನಾನ, ಕಾಫಿ, ಎರಡು ಕ್ರಯಪತ್ರಗಳ ಕರಡು. ಭಾನುವಾರವೆಂದು ಕೆಲಸ ಬಿಡುವ ಅಭ್ಯಾಸವಿಲ್ಲ. ಹೊಸನಗರದ ತಾಲ್ಲೂಕು ಕಚೇರಿಯ ಎದುರು ಇಷ್ಟು ವರ್ಷ ಪತ್ರ ಬರಹಗಾರನಾಗಿ ಕೂತದ್ದು ಆ ಶಿಸ್ತಿನಿಂದಲೇ.

ಹತ್ತು ಗಂಟೆಗೆ ಗಣಪತಿ ಸಮಿತಿಯ ಹುಡುಗರು ಬಂದರು. ಸತೀಶ ಮುಂದಾಳು, ಒಂದನೆಯ ತರಗತಿಯಿಂದ ಮಗ ಶಿವರಾಮನ ಪಕ್ಕದಲ್ಲಿ ಕೂತು ಬೆಳೆದವನು. ಕಳೆದ ಕಾರ್ತಿಕದಲ್ಲಿ ಶಿವರಾಮ ಹೋದ ಮೇಲೆ — ಆ ಬೈಕು, ಆ ತಿರುವು — ಇವರು ನಮ್ಮ ಮೆಟ್ಟಿಲು ಹತ್ತಿದ್ದು ಕಡಿಮೆ. ನಮ್ಮ ಮುಖ ನೋಡುವುದು ಅವರಿಗೆ ಕಷ್ಟ. ಅವರ ಮುಖ ನೋಡುವುದು ನಮಗೆ.

"ಸಾರ್, ಈ ಸಲದ ಗಣಪತಿ ಪೂರಾ ಶಿವು ಹೆಸರಲ್ಲೇ," ಎಂದ ಸತೀಶ. "ಡಿಜೆ ಶಿವಮೊಗ್ಗದ್ದು. ಟೀ ಶರ್ಟಿನ ಬೆನ್ನಿಗೆ ಶಿವು ಫೋಟೋ. ಸರ್ಕಲ್ಲಲ್ಲಿ ಇಪ್ಪತ್ತಡಿ ಫ್ಲೆಕ್ಸು. ಊರಿಗೆ ಊರೇ ತಿರುಗಿ ನೋಡ್ಬೇಕು."

"ಯಾರ ಹಣದಲ್ಲಿ?"

"ಅಂಗಡಿಯೋರ ಹತ್ರ ಎತ್ತದು. ಶಿವು ಹೆಸರು ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ ಸಾರ್."

"ಅದೇ ಕಾರಣಕ್ಕೆ ಹೇಳಬಾರದು."

"ನೀವು ಬ್ಯಾಡ ಅಂದ್ರೆ ನಮ್ಗೆ ಬೇಜಾರಾಗ್ತದೆ."

"ಬೇಡ. ಬೇಜಾರು ಮಾಡಿಕೊಳ್ಳಿ."

ಯಮುನಾ ಕಾಫಿ ತಂದಿಟ್ಟಳು. ನನ್ನ ಪರವಾಗಿ ಒಂದು ಮಾತಿಲ್ಲ. ಹೆಂಡತಿಯಿಂದ ಅಷ್ಟು ನಿರೀಕ್ಷಿಸಬಹುದಿತ್ತು. ಬದಲಿಗೆ ಹುಡುಗರ ಜೊತೆ ಗೇಟಿನವರೆಗೆ ಹೋಗಿ ಬಹಳ ಹೊತ್ತು ನಿಂತಳು.

ಇನ್ನು ಮನೆಯ ಹಬ್ಬ. ವರ್ಷ ತುಂಬಿಲ್ಲ, ಆದ್ದರಿಂದ ಗೌರಿಯಿಂದ ದೀಪಾವಳಿಯವರೆಗೆ ಏನೂ ಕೂಡದೆಂದು ಬಂಧುಗಳು ಫೋನಿನಲ್ಲೇ ತೀರ್ಪು ಕೊಟ್ಟಿದ್ದಾರೆ. ಹೊಸ ಬಟ್ಟೆಯಿಲ್ಲ, ಕಜ್ಜಾಯವಿಲ್ಲ, ಸಾಗರದ ಅಂಗಡಿಗಳಲ್ಲಿ ನೂಕುನುಗ್ಗಲಿಲ್ಲ. ನನಗೆ ಇದರಲ್ಲಿ ನಷ್ಟ ಕಾಣುವುದಿಲ್ಲ. ಆದರೆ ಮಾಡಕೂಡದೆಂದು ಇನ್ನೊಬ್ಬರು ಹೇಳಿದೊಡನೆ ಮಾಡಬೇಕೆನಿಸುತ್ತದೆ...

೫ ಆಗಸ್ಟ್, ಮಂಗಳವಾರ

ಫ್ಲೆಕ್ಸ್ ಏಕೆ ಬೇಡವೆಂಬುದಕ್ಕೆ ಹಬ್ಬದ ಸಭೆಯಲ್ಲಿ ಹೇಳಬಹುದಾದ ಕಾರಣಗಳು ಹಲವು. ಹೇಳಲಾಗದ ಕಾರಣ ಒಂದು. ಅದು ಇಲ್ಲಿ ಮಾತ್ರ ಇರಲಿ.

ಅವನು ಹೋದಾಗ ಇದೇ ಹುಡುಗರು ಬಸ್ ನಿಲ್ದಾಣದ ಎದುರು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ್ದರು. ಕಪ್ಪು ಕನ್ನಡಕದ ನಗುಮುಖ. ಕೆಳಗೆ ಗೆಳೆಯರ ಮುಖಗಳು, ಅಂಚೆಚೀಟಿಯಷ್ಟಷ್ಟು. ಯುಗಾದಿಯ ಹೊತ್ತಿಗೆ ಯಾರೋ ಬಿಚ್ಚಿದರು. ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ.

ಜೂನ್ ತಿಂಗಳಲ್ಲಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೊರಟಿದ್ದೆ. ಕೋಣಂದೂರು ದಾಟಿದ ಮೇಲೆ ರಸ್ತೆಯ ಪಕ್ಕ ಒಂದು ಮನೆ. ಅಂಗಳದಲ್ಲಿ ಸೌದೆಯ ರಾಶಿ. ರಾಶಿಯ ಮೇಲೆ ಹೊದಿಕೆಯಾಗಿ ನನ್ನ ಮಗ. ತಲೆಕೆಳಗು. ಹಣೆಯ ಮೇಲೆ ಕಲ್ಲು.

ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದೆ. ಮನೆಯಾಕೆ ಹೊರಗೆ ಬಂದಳು. ಗುತ್ಯಮ್ಮನೆಂದು ಹೆಸರು.

"ಎಂತ ಬೇಕಿತ್ತು ಅಯ್ಯ?"

"ಈ ಶೀಟು."

"ಅದಾ? ನನ್ನ ತಂಗಿ ಮಗ ಪಿಕಪ್ ಓಡಿಸ್ತಾನೆ, ಹೊಸನಗರದಿಂದ ತಂದ್ಕೊಟ್ಟ. ಟರ್ಪಾಲಿಗಿಂತ ಗಟ್ಟಿ. ಒಂದು ಹನಿ ಇಳಿಯಲ್ಲ."

"ನನಗೆ ಕೊಡುತ್ತೀರಾ?"

"ಚಂದ ಹೇಳಿದ್ರಿ! ಮಳೆ ಹಿಡ್ದು ಕೂತದೆ. ನನ್ನ ಸೌದೆಗೆ ನಿಮ್ಮ ಪಂಚೆ ಹೊದಿಸ್ಲಾ?"

ಆಕೆಯ ವಾದ ನ್ಯಾಯವಾಗಿತ್ತು. ತೀರ್ಥಹಳ್ಳಿಗೆ ಹೋಗಿ ನೀಲಿ ಟರ್ಪಾಲು ಕೊಂಡು ಮರಳಿ ಬಂದೆ. ಅಂಚು ಜಗ್ಗಿ, ಬೆರಳಿನಿಂದ ಉಜ್ಜಿ, "ಇದು ತೆಳು" ಎಂದಳು. ಆದರೂ ಬದಲಾಯಿಸಿ ಕೊಟ್ಟಳು. ಯಾರ ಮುಖವೆಂದು ಆಕೆ ಕೇಳಲಿಲ್ಲ.

ಮಡಚಿ ತಂದದ್ದು ಅಟ್ಟದ ಮೇಲಿದೆ. ಯಮುನಾಗೆ ತಿಳಿಯದು. ತಿಳಿಯಬಾರದು.

೧೦ ಆಗಸ್ಟ್, ಭಾನುವಾರ. ಸಂಜೆ

ಸಮುದಾಯ ಭವನದಲ್ಲಿ ಗಣಪತಿ ಸಮಿತಿಯ ಸಭೆ. ಹಿರಿಯರಾದ ಕೆರಿಯಪ್ಪನವರ ಅಧ್ಯಕ್ಷತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾಡುತ್ತಿದ್ದಂತೆ ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಎದ್ದೆ. ಚೀಟಿ ನೋಡಬೇಕಾಗಲಿಲ್ಲ.

ಹೇಳಿದ್ದು ಇಷ್ಟು. ಹಬ್ಬದ ಹೆಸರಿನಲ್ಲಿ ಅಂಗಡಿಯವನ ಕೊರಳಪಟ್ಟಿ ಹಿಡಿಯುವುದು ಭಕ್ತಿಯಲ್ಲ. ಐದು ದಿನದ ಸಂಭ್ರಮಕ್ಕೆ ಐದು ತಿಂಗಳು ಸೊರಗುವುದು ಸಂಭ್ರಮವಲ್ಲ. ಅಂಗಡಿ ವಸೂಲಿ ಬೇಡ. ಒಂದು ಮನೆ ಅಕ್ಕಿ ತರಲಿ, ಇನ್ನೊಂದು ಬೆಲ್ಲ, ಮತ್ತೊಂದು ತೆಂಗಿನಕಾಯಿ. ಏನೂ ತರಲಾಗದವರು ಕಾಯಿ ತುರಿಯಲಿ. ದೀಪದ ಸರಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಮಲಗಿವೆ, ಎಬ್ಬಿಸಿದರೆ ಸಾಕು. ಡಿಜೆ ಬೇಡ. ಎರಡಡಿಯ ಮಣ್ಣಿನ ಗಣಪತಿ. ಫ್ಲೆಕ್ಸೆಂದರೆ ಪ್ಲಾಸ್ಟಿಕ್ಕು, ಅನುಮತಿಯಿಲ್ಲದೆ ಕಟ್ಟುವುದು ಕಾನೂನಿಗೂ ವಿರುದ್ಧ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬೇಡ — ಯಾರ ಮುಖದ್ದಾದರೂ.

"ಸಾರ್ ಮಾತಾಡಿದ್ರೆ ರೇಡಿಯೋ ಹಾಕ್ದಂಗೆ," ಎಂದು ಹಿಂದಿನ ಸಾಲಿನಿಂದ ಒಬ್ಬ. ನಕ್ಕರು. ನಗುವವರು ಕೇಳುತ್ತಿರುತ್ತಾರೆ; ಅದು ಹಳೆಯ ಅನುಭವ.

ಸತೀಶ ಎದ್ದ. "ಹಂಗಾದ್ರೆ ನೀವೇ ಮಾಡ್ಸಿ ಸಾರ್. ನಮ್ಗೆ ಗೊತ್ತಿರದು ಗೌಜಿ ಮಾಡಕ್ಕೆ ಮಾತ್ರ."

"ಮಾಡಿಸುತ್ತೇನೆ."

ಕೆರಿಯಪ್ಪ ಕನ್ನಡಕ ತೆಗೆದರು. "ಅಲ್ಲ ಮಾರಾಯ್ರೆ, ನಿಮ್ಮನೇಲಿ ವರ್ಷ ಕಳೀಲಿಲ್ಲ. ನೀವು ದೇವರ ಕಾರ್ಯಕ್ಕೆ ಕೈ ಹಾಕಂಗಿಲ್ಲ."

"ದೇವರನ್ನು ಮುಟ್ಟುವುದಿಲ್ಲ. ಖರ್ಚನ್ನು ಮುಟ್ಟುತ್ತೇನೆ. ಖರ್ಚಿಗೆ ಸೂತಕವಿದೆಯೇ?"

ಕೈಯೆತ್ತಿದಾಗ ನನ್ನ ಕಡೆ ಹೆಚ್ಚು. ಗೆದ್ದೆ.

ಮನೆಗೆ ಬಂದರೆ ಯಮುನಾ ದೀಪ ಹಾಕದೆ ಕೂತಿದ್ದಾಳೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಗೆದ್ರಂತೆ. ಯಾರನ್ನ ಗೆದ್ರಿ?"

"ಅನಾವಶ್ಯಕ ಖರ್ಚನ್ನು."

"ಸತೀಶಂಗೆ ಫೋಟೋ ಕೊಟ್ಟದ್ದು ನಾನು. ಊರಲ್ಲಿರೋ ಹುಡುಗ್ರ ಮುಖ ಎಲ್ಲ ಸರ್ಕಲ್ಲಲ್ಲಿ ಬಂದು ಹೋಗ್ತದೆ, ಹುಟ್ಟಿದ ದಿನಕ್ಕೂ ಕಟ್ತಾರೆ. ನನ್ನ ಮಗಂದು ಐದು ದಿನ ಇದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಉತ್ತರವಿತ್ತು. ಅಟ್ಟದ ಮೇಲಿತ್ತು.

೧೮ ಆಗಸ್ಟ್, ಸೋಮವಾರ

ಸಾಗರ. ಮಣ್ಣಿನ ವಿಗ್ರಹಕ್ಕೆ ಮುಂಗಡ ಕೊಟ್ಟು ಬಂದೆ.

"ಎರಡಡಿ ಮನೆಗಾ ಬೀದಿಗಾ?" ಎಂದು ಕೇಳಿದ ಮಾಡುವವನು.

"ಬೀದಿಗೆ."

"ಬೀದೀಲಿ ಕಾಣ್ತದಾ?"

"ನೋಡುವವರು ಹತ್ತಿರ ಬರಲಿ."

ಕೆಲಸ ನಾನೆಣಿಸಿದ್ದಕ್ಕಿಂತ ಹಗುರ. ಅಕ್ಕಿ, ಬೆಲ್ಲ, ಕಾಯಿ ಎಲ್ಲ ಒಪ್ಪಿಗೆಯಾಗಿದೆ. ಕಾಯಿ ತುರಿಯುವ ಕೆಲಸಕ್ಕೆ ಅಕ್ಕಿ ಕೊಡುವವರೇ ಹೆಚ್ಚು ಹೆಸರು ಕೊಟ್ಟಿದ್ದಾರೆ. ಅಲ್ಲಿ ಮಾತು ಜಾಸ್ತಿ ನಡೆಯುತ್ತದಂತೆ. ಕಳೆದ ವರ್ಷ ಚಂದಾ ಪುಸ್ತಕ ಕಂಡು ಶಟರ್ ಎಳೆಯುತ್ತಿದ್ದ ಬಟ್ಟೆ ಅಂಗಡಿಯವನು ಇಂದು ತಾನಾಗಿ ಕರೆದು ಚಪ್ಪರಕ್ಕೆ ಪರದೆ ಕೊಡುತ್ತೇನೆಂದ. ಇದನ್ನು ಯಮುನಾಗೆ ಹೇಳಬೇಕೆನಿಸಿತು. ಹೇಳಿದೆ.

"ಹೂಂ," ಎಂದಳು. ಊಟ ಬಡಿಸಿ ಒಳಗೆ ಹೋದಳು. ಸಭೆಯ ದಿನದಿಂದ ಇದೇ ಹೂಂ.

೨೪ ಆಗಸ್ಟ್, ಭಾನುವಾರ

ಏನೂ ಬರೆಯದೆ ವಾರವಾಯಿತು. ಇಂದು ಬರೆಯಲೇಬೇಕು.

ಮಧ್ಯಾಹ್ನ ಸತೀಶ ಬಂದ. ಕೈಯಲ್ಲಿ ಉದ್ದನೆಯ ಸುರುಳಿ. ನನ್ನನ್ನು ಕಂಡು ಹಿಂದೆ ಸರಿದ. "ಬೈಬೇಡಿ ಸಾರ್. ಅಮ್ಮ ಹೇಳಿ ಮಾಡ್ಸಿದ್ದು. ಸಮಿತೀದು ಒಂದ್ರೂಪಾಯಿ ಇಲ್ಲ."

ಯಮುನಾ ಒಳಗಿನಿಂದ ಬಂದು ಸುರುಳಿಯನ್ನು ತಾನೇ ತೆಗೆದುಕೊಂಡಳು. "ನೀನು ಹೋಗು ಸತೀಶ. ನಾನಿದ್ದೀನಿ."

ಅವನು ಗೇಟು ದಾಟುವವರೆಗೆ ಕಾದೆ. ಸಭೆ ಕೈಯೆತ್ತಿ ತೀರ್ಮಾನಿಸಿದ್ದನ್ನು ಅದನ್ನು ಮಂಡಿಸಿದವನ ಮನೆಯೇ ಮುರಿಯುವುದೆಂದರೇನು ಎಂದು ಕೇಳಿದೆ. ಅವಳು ಸುರುಳಿ ಬಿಚ್ಚುತ್ತಲೇ ಇದ್ದಳು. ಆಗ ಏಣಿ ಹಾಕಿ ಅಟ್ಟ ಹತ್ತಿದೆ. ಹಳೆಯದನ್ನು ತಂದು ಅವಳೆದುರು ನೆಲದ ಮೇಲೆ ಹಾಸಿದೆ. ಸೌದೆಯ ಚಕ್ಕೆಗಳು ಇನ್ನೂ ಅಂಟಿದ್ದವು. ಒಂದು ಕಣ್ಣಿನ ಜಾಗದಲ್ಲಿ ಬಣ್ಣವೆದ್ದು ಬಿಳಿಯಾಗಿತ್ತು. ಎಲ್ಲಿ ಸಿಕ್ಕಿತು, ಹೇಗೆ ತಂದೆ, ಎಲ್ಲ ಹೇಳಿದೆ. ನನ್ನ ಜೀವನದ ಅತ್ಯಂತ ಬಲವಾದ ವಾದ. ಇದಕ್ಕೆ ಮರುಮಾತಿಲ್ಲವೆಂದು ನಂಬಿದ್ದೆ.

ಯಮುನಾ ಕೂತು ಸೆರಗಿನಿಂದ ಅವನ ಮುಖ ಒರೆಸಿದಳು. ಒರೆಸುತ್ತಲೇ ಕೇಳಿದಳು:

"ಅವಳ ಸೌದೆ ನೆನೆದಿತ್ತಾ?"

"ಏನು?"

"ಕೆಳಗಿನ ಸೌದೆ. ಒಣಗಿತ್ತಾ?"

"ಒಣಗಿತ್ತು... ಅವನ ಹಣೆಯ ಮೇಲೆ ಕಲ್ಲು ಹೇರಿದ್ದರು ಯಮುನಾ."

"ಗಾಳಿಗೆ ಹಾರ್ದಂಗೆ ಇಟ್ಟದ್ದು. ಮತ್ತೆಂತ ಇಡ್ಬೇಕಿತ್ತು, ಹೂವಾ?"

ಅವಮಾನವೆಂದೆ. ಅವಳು ತಲೆಯೆತ್ತಿದಳು. ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ನಡುವೆ ಕಡಿದದ್ದು ಇದೇ ಮೊದಲು.

"ಅವಮಾನ ಯಾವ್ದು ಗೊತ್ತಾ? ಮನೇಲಿ ಅವನ ಒಂದು ಫೋಟೋ ಇಲ್ಲ. ಮಾಲೆ ಹಾಕಿದ್ದು ನೋಡಕ್ಕಾಗಲ್ಲ ಅಂತ ನೀವೇ ಗೋಡೆಯಿಂದ ತೆಗೆಸಿದ್ರಿ. ಅವನ ಹೆಸರು ಎತ್ತಂಗಿಲ್ಲ. ಮಳೇಲಿ ನೆನೀತಾನೆ ಅಂತ ಇದನ್ನ ಹೊತ್ಕೊಂಡು ಬಂದ್ರಿ, ಬಂದು ಮತ್ತೆ ಕತ್ತಲೇಲೇ ಇಟ್ರಿ. ಅವಳಾದ್ರೂ ಬೆಳಕಲ್ಲಿ ಇಟ್ಟಿದ್ಲು. ನಾನು ಎಲ್ಲಿ ನೋಡ್ಲಿ ಅವನ್ನ?"

ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. ಅಂಟಿದ್ದ ಚಕ್ಕೆಗಳನ್ನು ಒಂದೊಂದಾಗಿ ಕಿತ್ತೆ.

ಹೊಸದನ್ನು ಆಮೇಲೆ ನೋಡಿದೆ. ಇಪ್ಪತ್ತಡಿಯಲ್ಲ, ಆರಡಿ. ಕನ್ನಡಕವಿಲ್ಲ, ಗೆಳೆಯರ ಮುಖಗಳಿಲ್ಲ, ಶುಭಾಶಯ ಕೋರುವವರ ಪಟ್ಟಿಯಿಲ್ಲ. ಅಡಿಗೆಮನೆಯ ಬಾಗಿಲಿಗೆ ಒರಗಿ, ಬಾಯಲ್ಲಿ ಏನೋ ಇಟ್ಟುಕೊಂಡು, ಯಾರಿಗೋ ಬೇಡ ಬೇಡ ಎಂದು ಕೈ ಮಾಡುತ್ತಿದ್ದಾನೆ. ಫೋಟೋ ತೆಗೆದವಳು ಅವಳೇ ಇರಬೇಕು. ಕೆಳಗೆ ಒಂದೇ ಪದ. ಶಿವರಾಮ.

ಇದಕ್ಕೆ ಖರ್ಚೆಷ್ಟೆಂದು ಕೇಳಲಿಲ್ಲ.

೨೬ ಆಗಸ್ಟ್, ಮಂಗಳವಾರ. ಗೌರಿ ಹಬ್ಬ

ಬೆಳಿಗ್ಗೆ ಸರ್ಕಲ್ಲಿನಲ್ಲಿ ಹೊಸ ಫ್ಲೆಕ್ಸ್ ಕಟ್ಟಿದೆ. ನಾನೇ. ಹುಡುಗರು ಕಟ್ಟಿದ ಗಂಟು ನಿಲ್ಲುವುದಿಲ್ಲ, ಎಲ್ಲದರಲ್ಲೂ ಅವಸರ. ಸತೀಶ ಏಣಿ ಹಿಡಿದುಕೊಂಡ. ಯಮುನಾ ಕೆಳಗೆ ನಿಂತು ಎಡಕ್ಕೆ, ಬಲಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಎಂದು ಕೂಗುತ್ತಿದ್ದಳು, ಸರ್ಕಲ್ಲಿನ ಬಸ್ಸುಗಳಿಗೆಲ್ಲ ಕೇಳುವಂತೆ.

ಕೆರಿಯಪ್ಪ ಹಾಲಿನ ಕ್ಯಾನು ಹಿಡಿದು ಬಂದವರು ಅಲ್ಲೇ ನಿಂತರು.

"ಎಂತ ಇದು? ಯಾರ ಮುಖದ್ದಾದ್ರೂ ಬ್ಯಾಡ ಅಂದೋರು ನೀವೇ ಅಲ್ಲನಾ?"

"ನಾನೇ."

"ಮತ್ತೆ?"

"ತಪ್ಪು ಮಾಡುತ್ತಿದ್ದೇನೆ. ತಿಳಿದೇ ಮಾಡುತ್ತಿದ್ದೇನೆ. ಸಭೆ ಕರೆದು ಖಂಡನಾ ನಿರ್ಣಯ ಮಾಡಿ, ಬರೆದು ಕೊಡುತ್ತೇನೆ."

"ಹೋಗಿ ಮಾರಾಯ್ರೆ," ಎಂದು ನಡೆದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರು — ನನ್ನನ್ನಲ್ಲ, ಮೇಲಕ್ಕೆ.

ಸಂಜೆ ವಿಗ್ರಹ ಬಂತು. ನಾನು ಮುಟ್ಟಲಿಲ್ಲ, ಕೊಟ್ಟ ಮಾತು. ಮನೆಯಲ್ಲಿ ಯಮುನಾ ಕಜ್ಜಾಯ ಕರಿದಳು. ವರ್ಷ ತುಂಬದ ಮನೆಯಲ್ಲಿ ಎಣ್ಣೆ ಬಾಣಲೆ ಇಡಬಾರದೆಂದು ಅವಳ ಅಕ್ಕ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಸ್ಪೀಕರಿಗೆ ಹಾಕಿ, ಪಕ್ಕದಲ್ಲಿಟ್ಟು, ಕರಿಯುತ್ತಲೇ ಇದ್ದಳು. ನಾನು ನಾಲ್ಕು ತಿಂದೆ. ಬೆಲ್ಲ ಕಡಿಮೆಯಾಗಿತ್ತು. ಐದನೆಯದನ್ನೂ ತೆಗೆದುಕೊಂಡೆ.

೨೭ ಆಗಸ್ಟ್, ಬುಧವಾರ. ಚೌತಿ, ಬೆಳಿಗ್ಗೆ

ಗಣಪತಿ ಕೂತಾಯಿತು. ಕಾಯಿ ತುರಿದ ಹೆಂಗಸರ ನಗು ಇಲ್ಲಿಯವರೆಗೆ ಕೇಳುತ್ತಿದೆ. ಯಾರಿಗೂ ಸುಸ್ತಿಲ್ಲ, ಯಾರೂ ಯಾರ ಮೇಲೂ ರೇಗಿಲ್ಲ. ಖರ್ಚಿನ ಮಟ್ಟಿಗೆ ನನ್ನ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಕಾರಣ ಕಾಣುವುದಿಲ್ಲ.

ಈಗ ತಾನೇ ಸತೀಶನ ಫೋನು. ಪಟ್ಟಣ ಪಂಚಾಯಿತಿಯವರು ಸರ್ಕಲ್ಲಿಗೆ ಹೊರಟಿದ್ದಾರೆ. ಅನುಮತಿಯಿಲ್ಲದ ಫ್ಲೆಕ್ಸ್, ಬಿಚ್ಚಲೇಬೇಕು.

"ನೀವು ಸಭೇಲಿ ಹೇಳಿದ್ದೇ ಅವ್ರೂ ಹೇಳ್ತಾರೆ ಸಾರ್. ಅದೇ ಪ್ಲಾಸ್ಟಿಕ್ಕು, ಅದೇ ಕಾನೂನು. ಎಂತ ಉತ್ರ ಕೊಡದು?"

ಅವರ ಕಡೆ ನ್ಯಾಯವಿದೆ. ಪೂರ್ತಿಯಾಗಿ ಇದೆ. ನನ್ನ ಕಡೆ ಅಂಶವೆಂಬುದೇ ಇಲ್ಲ. ಇದ್ದವೆಲ್ಲ ಅವರಿಗೆ ನಾನೇ ಒದಗಿಸಿದವು. ಇಂಥ ಪಕ್ಷವನ್ನು ಕಾಲೇಜಿನಲ್ಲಿ ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ಎತ್ತಿಕೊಳ್ಳುತ್ತೇನೆ. ಇಂದಿನಿಂದ ಐದು ದಿನ. ದಂಡ ಹಾಕಿದರೆ ಕಟ್ಟುತ್ತೇನೆ, ರಶೀದಿ ಕೇಳುತ್ತೇನೆ. ಬಿಚ್ಚುವುದಾದರೆ ಐದನೆಯ ದಿನ ನಾನೇ ಬಿಚ್ಚುತ್ತೇನೆ, ಮನೆಗೆ ತರುತ್ತೇನೆ, ಹಜಾರದ ಗೋಡೆಗೆ... ಅದಕ್ಕೆ ಮೊದಲು ಯಾರ ಕೈಯೂ ಬೇಡ. ಕಾರಣ ಕೇಳಿದರೆ ಕಾರಣವಿಲ್ಲವೆಂದೇ ಹೇಳುವುದು.

ಯಮುನಾ ಆಗಲೇ ಚಪ್ಪಲಿ ಮೆಟ್ಟಿ ಗೇಟಿನಲ್ಲಿದ್ದಾಳೆ.

"ಬರ್ದದ್ದು ಸಾಕು, ಬನ್ನಿ! ಅವ್ರು ಏಣಿ ಇಳಿಸ್ತಾ ಇದಾರಂತೆ."

"ಬಂದೆ. ಮೊದಲ ವಾಕ್ಯ ಒಂದು ಬರೆದುಕೊಂಡು—"

"ವಾಕ್ಯ ಎಂತಕೆ? ಸುಮ್ನೆ ಕೆಳಗೆ ನಿಂತ್ಕಳಿ, ಸಾಕು."

ನಿಲ್ಲುತ್ತೇನೆ. ಆದರೂ ಒಂದು ವಾಕ್ಯ ಇರಲಿ. ಮಾನ್ಯರೇ, ಈ ಏಣಿಯನ್ನು ಹತ್ತುವ ಮೊದಲು ತಾವು