ಟೆಸ್‌ಳ ಕೋಣೆ

ಅಪ್ಪಾ,

ನನ್ನ ಹೆಸರು ಬರೆಯಲು ನಿನಗೆ ಬೇರೆ ಬಾಗಿಲೇ ಸಿಗಲಿಲ್ಲವೇ?

ಇವತ್ತು ಅಮ್ಮನ ಜೊತೆ ಸಾಲದ ಆಫೀಸಿಗೆ ಹೋಗಿದ್ದೆ. ನೀನು ಬಣ್ಣ ಬಳಿಯಲು ಹೋಗಿ, ಕೊಂಡರೆ ಇದನ್ನೇ ಎಂದು ಹಟ ಹಿಡಿದಿದ್ದೆಯಲ್ಲ, ಟೊಲೀಡೊ ಊರಿನ ಆ ಮನೆಯನ್ನು ಕೊಂಡು ಬಾಡಿಗೆಗೆ ಕೊಡುವುದು ಈಗ ಅವಳ ಹಟ. ನಮ್ಮ ಅಡುಗೆಮನೆಯಲ್ಲೇ ಗಿರಾಕಿಗಳ ಕೂದಲು ಕತ್ತರಿಸುವವಳಿಗೆ ಸಾಲಕ್ಕೆ ತೋರಿಸಲು ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆಫೀಸರ್ ಪಾವ್ಲಾಕ್ ನಕ್ಕರು.

"ಚೀಟಿ ಬೇಡ ಮೇಡಂ. ಬರೋ ಬಾಡಿಗೆಯಿಂದ ಕಂತು ಹೊರಟ್ರೆ ಸಾಕು. ಒಂದೇ ಷರತ್ತು, ನೀವಾಗ್ಲಿ ನಿಮ್ಮೋರಾಗ್ಲಿ ಅಲ್ಲಿ ವಾಸ ಇರಬಾರ್ದು."

ಅಮ್ಮ ಪೆನ್ನು ತೆಗೆದಳು. ಅಷ್ಟರಲ್ಲಿ ಪಾವ್ಲಾಕ್, ಮನೆಗೆ ಬೆಲೆ ಕಟ್ಟಲು ಹೋದವರು ತೆಗೆದ ಫೋಟೊ ನಮ್ಮತ್ತ ತಿರುಗಿಸಿದರು. ಮಹಡಿ ಕೋಣೆಯ ಬಿಳಿ ಬಾಗಿಲ ಮೇಲೆ ನಿನ್ನ ದುಂಡಕ್ಷರ: 'ಟೆಸ್‌ಳ ಕೋಣೆ'.

"ಈ ಟೆಸ್ ಯಾರು?"

"ಇವಳೇ. ಇವರಪ್ಪನ ಕೈಗೆ ಬ್ರಶ್ ಸಿಕ್ಕಿದ್ರೆ ಬುದ್ಧಿ ನೆಟ್ಟಗಿರ್ತಿರ್ಲಿಲ್ಲ," ಎಂದಳು ಅಮ್ಮ. ಸತ್ತ ಮೇಲೂ ನಿನಗೆ ಬೈಗುಳ ತಪ್ಪಿಲ್ಲ.

ನಾನೇ ಅಲ್ಲಿ ವಾಸಕ್ಕೆ ಬರುತ್ತೇನೆ ಎಂದುಕೊಂಡು ಪಾವ್ಲಾಕ್ ಕಾಗದಗಳನ್ನು ಹಿಂದಕ್ಕೆಳೆದುಕೊಂಡರು. ನಾನೇ ಬಾಯಿ ಹಾಕಿದೆ.

"ಸರ್, ಆರನೇ ಕ್ಲಾಸಿಂದ ನಾನು ಹಾಸ್ಟೆಲಲ್ಲೇ ಇರೋದು. ಈಗ್ಲೂ ಕಾಲೇಜ್ ಹಾಸ್ಟೆಲೇ. ಆ ಮನೇಲಿ ಇರಲ್ಲ."

"ಹಾಗಂತ ಬರೆದುಕೊಡ್ತೀಯಾ?"

ಬರೆದುಕೊಟ್ಟೆ. ಸಾಲ ಮಂಜೂರಾಯಿತು.

ಹೊರಗೆ ಬರುತ್ತಲೇ ಅಮ್ಮ, "ಶನಿವಾರ ಬಂದು ಆ ಹೆಸರಿನ ಮೇಲೆ ಬಣ್ಣ ಬಳಿದ್ಬಿಡು," ಎಂದಳು. ಆ ಮನೆಗೆ ಬಣ್ಣ ಬಳಿಯುವಾಗ ನೀನು ಎರಡು ಸಲ ಫೋನ್ ಮಾಡಿ, 'ಬಾ, ಏನೋ ತೋರಿಸಬೇಕು' ಎಂದಾಗ ಪರೀಕ್ಷೆ ಇದೆ ಎಂದಿದ್ದೆ. ಈ ಶನಿವಾರ ಪರೀಕ್ಷೆಯಿಲ್ಲ. ಆದರೆ ಬಣ್ಣದ ಅಂಗಡಿಯಲ್ಲಿ ನಲವತ್ತು ತರಹದ ಬಿಳಿ ಇದೆ ಅಪ್ಪಾ. ಆ ಬಾಗಿಲಿನದು ಯಾವುದು ಅಂತ ಡಬ್ಬಿಯ ಮೇಲಾದರೂ ಬರೆದಿಡಬಾರದಿತ್ತೇ?