ಸುಗಂಧಿನಿಯ ಸೆರಗು

ಹಾರವಾಡ, ತಾಲೂಕು ಅಂಕೋಲೆ
ಗುರುವಾರ, ೧೨-೧೨-೧೯೩೫

ಪ್ರಾಣೇಶ್ವರಿ, ಕಮಲಮುಖಿ, ಚಿರಂಜೀವಿ ಹೀರಾಳಿಗೆ,

‘ಪ್ರಾಣೇಶ್ವರಿ’ ನಾಟಕದ ಪುಸ್ತಕದಲ್ಲಿದ್ದದ್ದು. ‘ಚಿರಂಜೀವಿ’ ಶಾಲೆಯಲ್ಲಿ ಕಲಿತದ್ದು. ನಡುವಿನದು ನಾನೇ ಸೇರಿಸಿದೆ. ಹೆಂಡತಿಗೆ ಪತ್ರ ಬರೆಯುವ ಕ್ರಮ ನನಗೆ ಯಾರೂ ಹೇಳಿಕೊಟ್ಟಿಲ್ಲ. ನೀನೂ ಈ ಹನ್ನೊಂದು ವರ್ಷದಲ್ಲಿ ತವರಿಗೆ ಹೋಗಿ ಹೀಗೆ ಹದಿನೆಂಟು ದಿನ ಕೂತವಳಲ್ಲ.

ರಾಮಾ ಭಾವ, ಇದನ್ನು ನಿನ್ನ ತಂಗಿಗೆ ಓದಿ ಹೇಳುವವನು ನೀನೇ ಎಂದು ಗೊತ್ತು. ನಡುವೆ ನಗಬೇಡ, ನಿನ್ನ ಅಭಿಪ್ರಾಯ ಸೇರಿಸಬೇಡ. ಅತ್ತೆಯ ಎದುರು ಓದುವುದಂತೂ ಬೇಡವೇ ಬೇಡ.

ಹೀರಾ, ಇಲ್ಲಿ ಎಲ್ಲರೂ ಕ್ಷೇಮ. ನೀನಿಲ್ಲವೆಂದು ಯಾವ ಕೆಲಸವೂ ನಿಂತಿಲ್ಲ. ಸಾರು ನಾನೇ ಮಾಡುತ್ತೇನೆ. ಅಪ್ಪ ಎರಡು ದಿನ ಉಂಡ. ಮೂರನೆಯ ದಿನದಿಂದ ಸರಿಯಾಗಿ ಊಟದ ಹೊತ್ತಿಗೆ, ಬಲೆಯ ವಿಚಾರ ಮಾತಾಡುವುದಿದೆ ಎಂದು ಪಕ್ಕದ ಮನೆಯ ಕಾಶಿಯಲ್ಲಿಗೆ ಹೋಗುತ್ತಾನೆ. ನಿನ್ನ ಅಜ್ಜಿ ಕೊಟ್ಟ ಪಟ್ಟೆಸೀರೆ ಮಡಿಚಿದ್ದು ಮಡಿಚಿದಂತೆ ಪೆಟ್ಟಿಗೆಯಲ್ಲಿದೆ. ಅದರ ಚಿಂತೆ ಮಾಡಬೇಡ.

ಆ ನಾಟಕದ ತಾಲೀಮಿನ ದಿನದ ಮಾತು ತೆಗೆಯಬಾರದು ಎಂದುಕೊಂಡೇ ಕೂತಿದ್ದೆ. ಆದರೆ ತೆಗೆಯದೆ ಗತಿಯಿಲ್ಲ. ರಾಣಿ ಸುಗಂಧಿನಿಯ ಪಾತ್ರದಲ್ಲಿ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈ ಸೊಂಟದ ಮೇಲಿಟ್ಟು, ತಲೆಯ ಮೇಲೆ ಬುಟ್ಟಿ ಇಲ್ಲದಿದ್ದರೂ ಇದ್ದಂತೆ ಕತ್ತು ನೆಟ್ಟಗೆ ಮಾಡಿ ನಡೆದದ್ದು ನಿಜ. ಕೂತ ಹೆಂಗಸರು ಮೊದಲು ನನ್ನನ್ನು ನೋಡಿದರು, ಆಮೇಲೆ ನಿನ್ನನ್ನು ನೋಡಿದರು. ನನಗಿನ್ನೂ ಮೀಸೆಯಿದ್ದದ್ದೇ ದೊಡ್ಡ ತಪ್ಪಾಯಿತು. ‘ಮೀಸೆ ಹೀರಾ’ ಎಂದು ಯಾರೋ ಅಂದರು. ಮರುದಿನ ಬೆಳಗಿನ ದೋಣಿಗೆ ನೀನು ತವರಿಗೆ, ಅರ್ಗಾಕ್ಕೆ, ಹೊರಟೇ ಹೋದೆ.

ಆ ಮೀಸೆ ಈಗ ಇಲ್ಲ. ಆಟದ ಹಿಂದಿನ ದಿನ ಹರಿಶ್ಚಂದ್ರ ಮಾಸ್ತರರು ಎದುರು ನಿಂತು ಬೋಳಿಸಿದರು. ನಾಟಕ ಬರೆದವರೂ ಅವರೇ, ಕಲಿಸಿದವರೂ ಅವರೇ, ಹಜಾಮ ಸಿಗದ ದಿನ ಹಜಾಮರೂ ಅವರೇ. ಅಪ್ಪ ಸತ್ತವನಷ್ಟೇ ಮೀಸೆ ತೆಗೆಯುವುದು ನಮ್ಮಲ್ಲಿಯ ರೂಢಿ ಎಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ಮಧ್ಯಾಹ್ನದೊಳಗೆ ಕೇರಿಯ ಅರ್ಧ ಜನ ಅಂಗಳದಲ್ಲಿ. ಕಾಶಿಯ ತಾಯಿ ನನ್ನ ಕೈ ಹಿಡಿದು ಅಳುತ್ತ, ‘ನಿನ್ನೆ ರಾತ್ರಿ ನಮ್ಮಲ್ಲೇ ಉಂಡ್ಕಂಡು ಬಂದಿದ್ನಲ್ಲಾ, ಎಂತಾ ಆಯ್ತಾ ಅವಂಗೆ’ ಎಂದಳು. ಒಳಗಿನಿಂದ ಅಪ್ಪ ಬಂದು, ‘ನಾ ಇಲ್ಲೇ ಇದ್ದೆ, ಯಾರ ಹತ್ರಾದ್ರೂ ಬೀಡಿ ಇದ್ರೆ ಕೊಡಿ’ ಎಂದ. ಅಂದಿನಿಂದ ಅಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಮನೆಯಲ್ಲಿ ಈಗ ಮಾತಾಡಲು ಬೆಕ್ಕು ಮಾತ್ರ ಇದೆ.

ಇನ್ನು ಆಟದ ಸುದ್ದಿ. ನಿನಗೆ ಯಾರಾದರೂ ಹೇಳಿಯೇ ಇರುತ್ತಾರೆ, ಆದರೆ ಅವರು ಹೇಳಿದ್ದು ಸರಿಯಲ್ಲ. ಕಾರವಾರದಿಂದ ತಂದ ಗ್ಯಾಸ್‌ಬತ್ತಿ ದೋಣಿಯಿಂದ ಇಳಿಸುವಾಗಲೇ ಒಡೆಯಿತು. ಬೆಳಕಿಲ್ಲವೆಂದು ಮಾಸ್ತರರು ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆಗೆ ಆಟ ಎಂದರು. ಪಡುವಣ ಬಿಸಿಲು ನಮ್ಮ ಮುಖದ ಮೇಲೆ ಬೀಳಲಿ ಎಂದು ರಂಗವನ್ನು ಕಡಲಿಗೆ ಮುಖ ಮಾಡಿ ಕಟ್ಟಿಸಿದರು. ಊರೆಲ್ಲ ಕಡಲಿಗೆ ಬೆನ್ನು ಹಾಕಿ ಮರಳಲ್ಲಿ ಕೂತಿತು. ಕಡಲು ಕಾಣುತ್ತಿದ್ದದ್ದು ನನಗೊಬ್ಬನಿಗೆ. ಮೂರು ಅಂಕ ಚೆನ್ನಾಗಿಯೇ ಆಯಿತು.

ನಾಲ್ಕನೆಯದರಲ್ಲಿ ರಾಜ ಹಡಗು ಹತ್ತಿ ಹೋಗಿ ವರುಷವಾಗಿದೆ. ಸುಗಂಧಿನಿ ಉಪ್ಪರಿಗೆಯ ಮೇಲೆ, ಅಂದರೆ ಎರಡು ಪೀಪಾಯಿಯ ಮೇಲೆ ಇಟ್ಟ ಹಲಗೆಯ ಮೇಲೆ, ನಿಂತು ‘ಎಲೈ ಬರಿದಾದ ಸಮುದ್ರವೇ’ ಎನ್ನಬೇಕು. ನಾನು ಬಾಯಿ ತೆರೆದೆ. ನೋಡಿದರೆ, ಬಂಡೆಯ ಆಚೆ ನೀರು ಕಪ್ಪುಗೆಂಪಾಗಿ ಕುದಿಯುತ್ತಿದೆ, ಹಕ್ಕಿಗಳು ಮುಗಿಬೀಳುತ್ತಿವೆ. ಬಂಗಡೆ, ಹೀರಾ. ಈ ವರ್ಷ ನಾವು ಕಾಣದಷ್ಟು ಬಂಗಡೆ.

ಊರ ರಂಪಣಿ ಬಲೆಗೆ ಮೀನು ನೋಡುವವನು ನಾನು. ಕಂಡವನು ಬಟ್ಟೆ ಬೀಸಬೇಕು, ಬೀಸಿದರೆ ಊರಿಗೆ ಊರೇ ಬಂದು ಬಲೆ ಎಳೆಯಬೇಕು. ಕಂಡೂ ಬೀಸದಿದ್ದವನಿಗೆ ಊರಲ್ಲಿ ನೀರು ಕೊಡುವವರಿಲ್ಲ. ಅಂಥ ನೀರನ್ನು ಎದುರಿಗಿಟ್ಟುಕೊಂಡು ಬರಿದಾದ ಸಮುದ್ರವೇ ಎಂದು ಹೇಗೆ ಹೇಳಲಿ? ಕೈ ತಾನಾಗಿ ಎದ್ದಿತು. ಸೆರಗು ಬೀಸಿದೆ. ಯಾವ ಸೀರೆಯ ಸೆರಗು ಎಂಬುದು ಈಗ ಮುಖ್ಯವಲ್ಲ.

ಮೊದಲು ಊರವರು ಅಭಿನಯವೆಂದೇ ತಿಳಿದರು. ಎರಡನೆಯ ಸಲ ಬಲಕ್ಕೆ ಬೀಸಿದಾಗ ಅಪ್ಪ ಎದ್ದು, ‘ನಾಟ್ಕ ಅಲ್ವೋ, ನಮ್ ತುಳಸಿ ಬೀಸೂದೇ ಹಾಂಗೆ’ ಎಂದ. ಅಷ್ಟೇ ಸಾಕಾಯಿತು. ಕಣ್ಣುಮುಚ್ಚಿ ತೆರೆಯುವುದರೊಳಗೆ ಮರಳು ಖಾಲಿ. ರಾಜನ ವೇಷದ ಕಾಶಿ ಕಿರೀಟದ ಸಮೇತ ದೋಣಿ ಹತ್ತಿದ. ಕಿರೀಟ ಕಡಲಿಗೆ ಹೋಯಿತು, ಕಾಶಿ ಉಳಿದ. ನಾನು ಬಳೆ, ಸರ, ಸೀರೆ ಸಮೇತ ಎದೆಮಟ್ಟದ ನೀರಿಗಿಳಿದು ಹಗ್ಗ ಹಿಡಿದೆ. ಪರದೆಯ ಹಿಂದೆ ಮಾಸ್ತರರು ಪುಸ್ತಕದಿಂದ ತಲೆ ಎತ್ತದೆ, ‘ಎಲೈ ಬರಿದಾದ ಸಮುದ್ರವೇ’ ಎಂದು ಬಹಳ ಹೊತ್ತು ಹೇಳಿಕೊಡುತ್ತಲೇ ಇದ್ದರಂತೆ.

ಮೀನು ಒಂದು ರಾಶಿ ಬಿತ್ತು. ಆದರೂ ಹೆಂಗಸರೆಲ್ಲ ಸೇರಿ, ರಾಜ ಬಂದನೋ ಇಲ್ಲವೋ ಗೊತ್ತಾಗದೆ ನಿದ್ದೆ ಬರುವುದಿಲ್ಲ, ಉಳಿದ ಅಂಕ ಆಡಿಯೇ ತೀರಬೇಕು ಎಂದು ಹಟ ಹಿಡಿದಿದ್ದಾರೆ. ಬರುವ ಆದಿತ್ಯವಾರ, ಅದೇ ಹೊತ್ತಿಗೆ, ಆಡುವುದು.

ಅಲ್ಲೇ ಸಿಕ್ಕಿಬಿದ್ದಿದ್ದೇನೆ. ಆ ಅಂಕದಲ್ಲಿ ರಾಜ ತಿರುಗಿ ಬರುತ್ತಾನೆ, ಸುಗಂಧಿನಿ ಅವನನ್ನು ನೋಡುತ್ತಾಳೆ. ಅವಳಿಗೆ ಮಾತಿಲ್ಲ, ನೋಡುವುದಷ್ಟೇ. ನಾಲ್ಕು ದಿನದಿಂದ ಕನ್ನಡಿಯ ಎದುರು ಕೂತಿದ್ದೇನೆ. ಕಾಶಿ ನೋಡಿ, ‘ಹೊಟ್ಟೆನೋವನಾ?’ ಎಂದು ಕೇಳಿದ. ನಡಿಗೆ, ಬೈಗುಳ, ಕಾಯುವುದು, ಎಲ್ಲ ನಿನ್ನಿಂದ ಕಲಿತೆ. ಇದೊಂದು ಬರುವುದಿಲ್ಲ. ಯಾಕೆ ಎಂದು ನಿನ್ನೆ ತಿಳಿಯಿತು. ಹನ್ನೊಂದು ವರ್ಷ ನಾನು ದಿನವೂ ದಡಕ್ಕೆ ಬಂದಿದ್ದೇನೆ, ನೀನು ದಿನವೂ ಬುಟ್ಟಿ ಹಿಡಿದು ನಿಂತಿದ್ದೀಯೆ. ನಾನು ದೋಣಿ ನೋಡಿದೆ, ಬಲೆ ನೋಡಿದೆ, ನಿನ್ನ ಕೈಯ ಬುಟ್ಟಿಯನ್ನೂ ನೋಡಿದೆ. ಮುಖ ನೋಡಲಿಲ್ಲ. ದೂರದ ನೀರಿನೊಳಗಿನ ಮೀನು ಕಾಣುವ ಕಣ್ಣಿಗೆ ಎದುರಿಗಿದ್ದವಳು ಕಾಣಲಿಲ್ಲ. ಇದು ನನ್ನ ತಪ್ಪು, ಹೀರಾ. ಬಹಳ ಬೇಸರವಾಗುತ್ತದೆ.

ಇನ್ನೊಂದು ಮಾತು. ಅಂದು ನಾನು ನಿನ್ನನ್ನು ಅಣಕಿಸಲಿಲ್ಲ. ರಾಣಿ ಹೇಗೆ ನಡೆಯುತ್ತಾಳೆ, ತೋರಿಸು ಎಂದು ಮಾಸ್ತರರು ಹೇಳಿದಾಗ ನನಗೆ ಬೇರೆ ಯಾರೂ ನೆನಪಾಗಲಿಲ್ಲ.

ಬಾ.

ನಿನ್ನ ಗಂಡ,
ತುಳಸಿದಾಸ
(ಮೀಸೆ ಐದು ದಿನದ್ದು)

ತಾಜಾಕಲಮು: ಸೀರೆ ಪೆಟ್ಟಿಗೆಯಲ್ಲಿದೆ ಎಂದು ಮೇಲೆ ಬರೆದದ್ದು ಸುಳ್ಳು. ನಾಟಕ ಮಂಡಳಿಯ ಸೀರೆಯನ್ನು ಇಲಿ ತಿಂದಿತ್ತು, ನಿನ್ನದನ್ನು ತೆಗೆದೆ. ಏಳು ಸಲ ಒಗೆದೆ. ಜರಿಯಲ್ಲಿ ಇನ್ನೂ ಬಂಗಡೆಯ ಪೊರೆಯಿದೆ, ಒಂದು ಕಡೆ ಮೊಳದಷ್ಟು ಹರಿದಿದೆ. ಸುಗಂಧಿನಿ ಎಂಬ ಹೆಸರಿಗೂ ಅದರ ವಾಸನೆಗೂ ಈಗ ಸಂಬಂಧವಿಲ್ಲ. ಬೈಯಬೇಕಾದರೆ ಬಂದೇ ಬೈ, ಭಾವನ ಕೈಯಲ್ಲಿ ಬರೆಸಬೇಡ. ಆದಿತ್ಯವಾರ ಕಾಶಿ ರಾಜನಾಗಿ ಎಡಗಡೆಯಿಂದ ಬರಲಿ, ನಾನು ಅವನನ್ನು ನೋಡುವುದಿಲ್ಲ. ಹಲಗೆಯ ಮೇಲಿನಿಂದ ಅರ್ಗಾದ ಕಡೆಯ ನೀರು ಚೆನ್ನಾಗಿ ಕಾಣುತ್ತದೆ. ಊರವರಿಗೆಲ್ಲ ಮೊದಲೇ ಹೇಳಿಟ್ಟಿದ್ದೇನೆ: ಆ ದಿನ ನಾನು ಸೆರಗು ಬೀಸಿದರೆ ಯಾರೂ ಏಳಬೇಡಿ, ಅದು ಮೀನಿಗಲ್ಲ.